ಬೂತ್ ದೂರ ಇದ್ರೆ ಮತದಾನ ಕಡಿಮೆಯಾಗುತ್ತಾ? ಮಲೆನಾಡಿನ ಲೆಕ್ಕದಲ್ಲಿ ರಿಗ್ರೆಷನ್

[ಸ್ಕ್ರೀನ್: ಫಾರಂ 20ರ ಒಂದು ಪುಟ]

ನಮಸ್ಕಾರ. ಇದು ಫಾರಂ 20, ಅಂದ್ರೆ ಚುನಾವಣೆಯ ಅಂತಿಮ ಫಲಿತಾಂಶದ ಪಟ್ಟಿ. ಯಾವ ಬೂತಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ, ನೋಟಾಕ್ಕೆ ಎಷ್ಟು, ಎಲ್ಲ ಇದರಲ್ಲಿದೆ. ಯಾರು ಬೇಕಾದ್ರೂ ನೋಡಬಹುದು. ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ, ಘಟ್ಟದ ಕೆಳಗಿನ ಬೈಂದೂರೂ ಸೇರಿ, 8 ವಿಧಾನಸಭಾ ಕ್ಷೇತ್ರಗಳಿವೆ.

ಬೂತಿಗೆ 2 ಕಿ.ಮೀ.ಗಿಂತ ಹೆಚ್ಚು ದೂರ ಇರಬಾರದು ಅನ್ನುತ್ತೆ ಚುನಾವಣಾ ಆಯೋಗ. ಆದ್ರೆ ಹೊಸನಗರ, ಸಾಗರದ ಕಡೆ ಗುಡ್ಡಕ್ಕೊಂದು ಮನೆ. ನಕ್ಷೆಯ 2 ಕಿ.ಮೀ. ಬೇರೆ, ಹಳ್ಳ ಬಳಸಿಕೊಂಡು ಹೋಗೋ 2 ಕಿ.ಮೀ.ನೇ ಬೇರೆ. ಹಾಗಾದ್ರೆ ದೂರ ಹೆಚ್ಚಿದಷ್ಟೂ ಮತದಾನ ಇಳಿಯುತ್ತಾ?

[ಗ್ರಾಫ್: ಅಡ್ಡಕ್ಕೆ ದೂರ, ಉದ್ದಕ್ಕೆ ಶೇಕಡಾವಾರು ಮತದಾನ]

ಒಂದು ಬೂತಿಗೆ ಒಂದು ಚುಕ್ಕಿ. ಈ ಚುಕ್ಕಿಗಳ ನಡುವೆ ರಿಗ್ರೆಷನ್ ಒಂದು ಗೆರೆ ಎಳೆಯುತ್ತೆ. ಪ್ರತಿ ಚುಕ್ಕಿ ಗೆರೆಯಿಂದ ಎಷ್ಟು ಮೇಲೆ-ಕೆಳಗಿದೆಯೋ ಅದರ ವರ್ಗಗಳನ್ನು (ಅಂದ್ರೆ ಆ ಅಂತರವನ್ನು ಅದರಿಂದಲೇ ಗುಣಿಸಿದ್ದನ್ನು) ಕೂಡಿದಾಗ ಬರೋ ಮೊತ್ತ ಅತಿ ಕಡಿಮೆಯಾಗೋ ಗೆರೆ ಅದು. ಇಳಿಜಾರು −2 ಬಂತು ಅಂತಿಟ್ಟುಕೊಳ್ಳಿ: ಒಂದು ಕಿ.ಮೀ. ಹೆಚ್ಚು ದೂರ ಇರೋ ಬೂತಲ್ಲಿ ಮತದಾನ ಸರಾಸರಿ 2 ಶೇಕಡಾಂಶ ಕಡಿಮೆ.

ದೂರವೇ ಕಾರಣ ಅಂತ ಇಲ್ಲಿಗೇ ಷರಾ ಬರೆಯೋಕಾಗಲ್ಲ. ಒಳಊರುಗಳಲ್ಲಿ ಮನೆ ಕಾಯ್ತಿರೋರು ಅಪ್ಪ-ಅಮ್ಮ. ಮಕ್ಕಳಿಗೆ ಬೆಂಗಳೂರಲ್ಲಿ ಕೆಲಸ, ಹೆಸರು ಮಾತ್ರ ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ. ಅವರು ಬರದೇ ಇದ್ದದ್ದಕ್ಕೂ ದೂರದ ತಲೆಗೇ ಗೂಬೆ ಕೂರುತ್ತೆ. ಊರುಬಿಟ್ಟವರ ಪ್ರಮಾಣವನ್ನೂ ಲೆಕ್ಕಕ್ಕೆ ಸೇರಿಸಿದಾಗ ಆ −2 ಹೋಗಿ −0.5 ಆಗಬಹುದು. ಇದು ಬರೀ ಲೆಕ್ಕದ ಕಸರತ್ತಲ್ಲ. ಕಾರಣ ದೂರವಾದ್ರೆ ಹೊಸ ಬೂತ್ ಬೇಕು, ವಲಸೆಯಾದ್ರೆ ಪಟ್ಟಿ ಪರಿಷ್ಕರಣೆ ಬೇಕು. ತಪ್ಪಾಗಿ ಓದಿದ್ರೆ ಕಾಡಂಚಿನ ಅಜ್ಜಿಗೆ ಸಿಗಬೇಕಾದ ಬೂತ್ ಸಿಗದೇ ಹೋಗುತ್ತೆ.

ಇನ್ನು ಜಾತಿ ಲೆಕ್ಕ. "ಆ ಬೂತಲ್ಲಿ ಅವರೇ ಜಾಸ್ತಿ, ಹಂಗಾಗಿ ಅವರೇ ಹಾಕಿದ್ದು ಮಾರಾಯ" ಅಂತೀವಲ್ಲ, ಫಾರಂ 20 ಅದನ್ನು ಹೇಳೋದೇ ಇಲ್ಲ. ಅದರಲ್ಲಿರೋದು ಬೂತಿನ ಮೊತ್ತ, ವ್ಯಕ್ತಿಯ ಮತ ಅಲ್ಲ. 1950ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ ಅಮೆರಿಕದ 1930ರ ಜನಗಣತಿ ಇಟ್ಟುಕೊಂಡು ತೋರಿಸಿದ್ದು ಇದನ್ನೇ: ಹೊರದೇಶದಿಂದ ಬಂದ ವಲಸಿಗರು ಹೆಚ್ಚಿದ್ದ ರಾಜ್ಯಗಳಲ್ಲಿ ಸಾಕ್ಷರತೆ ಹೆಚ್ಚು, ಆದ್ರೆ ವ್ಯಕ್ತಿ ವ್ಯಕ್ತಿ ಹಿಡಿದು ನೋಡಿದ್ರೆ ವಲಸಿಗರಲ್ಲೇ ಸಾಕ್ಷರತೆ ಕಡಿಮೆ. ಅವರು ನೆಲೆಸಿದ್ದೇ ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಲ್ಲಿ!

[ಸ್ಕ್ರೀನ್: ಗ್ರಾಮ ಪಂಚಾಯಿತಿ ಕಚೇರಿ]

ಮತ ಹಾಕಿದ ಮೇಲೆ ಪ್ರಾತಿನಿಧ್ಯದ ಪ್ರಶ್ನೆ: ಮಹಿಳೆ ಅಧ್ಯಕ್ಷೆಯಾದ್ರೆ ಪಂಚಾಯಿತಿ ಕೆಲಸ ಬದಲಾಗುತ್ತಾ? ಮೀಸಲಾತಿ ಇಲ್ಲದ ಕಡೆ ಮಹಿಳೆ ಗೆದ್ದಿದ್ರೆ ಆ ಊರೇ ಮೊದಲಿಂದ ಬೇರೆ ಥರ ಇರಬಹುದು, ಹೋಲಿಸೋದು ಕಷ್ಟ. ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅದಕ್ಕೇ ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಜಿಲ್ಲೆಗಳನ್ನು ಆರಿಸಿಕೊಂಡ್ರು. ಅಲ್ಲಿ ಪಂಚಾಯಿತಿ ಅಧ್ಯಕ್ಷ ಸ್ಥಾನದ ಮಹಿಳಾ ಮೀಸಲು ಯಾವ ಊರಿಗೆ ಅನ್ನೋದು ಯಾದೃಚ್ಛಿಕವಾಗಿ ತೀರ್ಮಾನವಾಗಿತ್ತು. 2004ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ಮೀಸಲಾದ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಕೆಲಸ ಎರಡೂ ಕಡೆ ಹೆಚ್ಚಾಗಿತ್ತು. ಅಲ್ಲಿನ ಹೆಂಗಸರು ಪಂಚಾಯಿತಿಗೆ ಹೆಚ್ಚಾಗಿ ತರ್ತಿದ್ದ ದೂರೂ ನೀರಿನದ್ದೇ.