ದಾದರ್ ನಿಲ್ದಾಣದ ಸೇತುವೆ

ಕೇಳುಗರಿಗೆ ನಮಸ್ಕಾರ. ಮುಂಬೈ ಲೋಕಲ್ ಅಂದ ಕೂಡಲೇ ಎಲ್ಲರೂ ಗಾಡಿಯೊಳಗಿನ ನೂಕುನುಗ್ಗಲಿನ ಮಾತೇ ಆಡುತ್ತಾರೆ. ನಾನು ಇವತ್ತು ದಾದರ್ ನಿಲ್ದಾಣದ ಮೇಲ್ಸೇತುವೆಯ ಬಗ್ಗೆ ಹೇಳಬೇಕು.

ಚರ್ಚ್‌ಗೇಟಿನಿಂದ ವಿರಾರ್ ಕಡೆಗೆ ಪಶ್ಚಿಮ ರೈಲ್ವೆ. ಸಿಎಸ್‌ಎಂಟಿಯಿಂದ, ಅಂದ್ರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ, ಕಲ್ಯಾಣ್ ಕಡೆಗೆ ಮಧ್ಯ ರೈಲ್ವೆ. ದಾದರಿನಲ್ಲಿ ಎರಡೂ ಅಕ್ಕಪಕ್ಕ. ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ಫಾಸ್ಟ್ ಗಾಡಿಗಳೂ ಇಲ್ಲಿ ನಿಲ್ಲುತ್ತವೆ. ಕಲ್ಯಾಣದಲ್ಲಿ ಮನೆ, ಬಾಂದ್ರಾದಲ್ಲಿ ಕೆಲಸ ಅಂದ್ರೆ ಇಲ್ಲಿ ಇಳಿದು, ಮೆಟ್ಟಿಲು ಹತ್ತಿ, ಸೇತುವೆ ದಾಟಿ ಇನ್ನೊಂದು ಗಾಡಿ ಹಿಡಿಯುತ್ತಾರೆ. ಗಾಡಿ ಎಷ್ಟೇ ಇರಲಿ, ಬದಲಾಯಿಸುವ ಜಾಗ ಸಲೀಸಾಗಿರಬೇಕು.

ನಮ್ಮ ಭಾವನವರ ಕಥೆ ಕೇಳಿ. ಮೊಬೈಲ್ ಇಲ್ಲದ ಕಾಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ದಾದರಿನಲ್ಲಿ ಇಳಿದರು. 'ಒಂದನೇ ಪ್ಲಾಟ್‌ಫಾರಂನಲ್ಲಿ ನಿಂತಿರಿ ಭಾವ, ನಾನು ಬರ್ತೀನಿ' ಅಂತ ಪತ್ರ ಬರೆದಿದ್ದೆ. ನಾನು ಅಂಧೇರಿಯಿಂದ ಬಂದು ಪಶ್ಚಿಮದ ಒಂದನೇ ಪ್ಲಾಟ್‌ಫಾರಂನಲ್ಲಿ ನಿಂತೆ. ಅವರು ಮಧ್ಯ ರೈಲ್ವೆಯ ಒಂದರಲ್ಲಿ! ಆಗ ಎರಡೂ ಕಡೆ ಒಂದರಿಂದಲೇ ಎಣಿಕೆ. ಕೈಯಲ್ಲಿ ಟ್ರಂಕು, ಬಗಲಲ್ಲಿ ರೊಟ್ಟಿ ಗಂಟು. ಅವರು ಯಾರನ್ನೇ ಕೇಳಿದರೂ 'ಹೌದು, ಒಂದು ಇದೇ' ಅಂತಲೇ ಉತ್ತರ. ಅದು ಸುಳ್ಳೂ ಅಲ್ಲ, ಅಲ್ವಾ? ಕೊನೆಗೆ ನಾನು ಹುಡುಕುತ್ತಾ ಹೊರಟೆ, ಅವರೂ ಹೊರಟರು. ಇಬ್ಬರೂ ಸಿಕ್ಕಿದ್ದು ಸೇತುವೆಯ ಮೇಲೆ.

2023ರ ಡಿಸೆಂಬರಿನಲ್ಲಿ ಪ್ಲಾಟ್‌ಫಾರಂಗಳ ಈ ಎಣಿಕೆಯನ್ನು ಸರಿಮಾಡಿದರು. ಈಗ ಪಶ್ಚಿಮಕ್ಕೆ 1ರಿಂದ 7, ಮಧ್ಯ ರೈಲ್ವೆಗೆ 8ರಿಂದ 14. ಹೊಸ ಹಳಿ ಬೇಕಾಗಲಿಲ್ಲ, ಬೋರ್ಡು ಬದಲಾಯಿಸಿದರೆ ಸಾಕಾಯಿತು. ಇಷ್ಟಕ್ಕೆ ಇಷ್ಟು ವರ್ಷ ಯಾಕೆ ಬೇಕಾಯ್ತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ದಾಟುವ ಜಾಗ ಸಲೀಸಾಗಿಲ್ಲದಿದ್ದರೆ ಗೊಂದಲವಷ್ಟೇ ಅಲ್ಲ, ಜೀವವೂ ಹೋಗುತ್ತೆ. ದಾದರಿನ ದಕ್ಷಿಣಕ್ಕೆ ಪರೇಲ್. ಅದರ ಪಕ್ಕದಲ್ಲೇ ಆಗಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ. 2017ರ ಸೆಪ್ಟೆಂಬರ್ 29ರಂದು ಅಲ್ಲಿನ ಕಿರಿದಾದ ಸೇತುವೆಯ ಮೆಟ್ಟಿಲ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತರು. ಗಾಡಿಗಳು ಸರಿಯಾಗೇ ಓಡುತ್ತಿದ್ದವು. ಜನ ದಾಟಲು ಜಾಗ ಇರಲಿಲ್ಲ.

ಈಗ ಬೆಂಗಳೂರಿನಲ್ಲೂ 148 ಕಿಲೋಮೀಟರ್ ಉಪನಗರ ರೈಲು ಕಟ್ಟುತ್ತಿದ್ದಾರೆ. ನಿಮ್ಮ ಬಡಾವಣೆಯ ನಿಲ್ದಾಣದ ನಕ್ಷೆ ನೋಡಲು ಸಿಕ್ಕರೆ ಸುಮ್ನೆ ಗಾಡಿ ಎಷ್ಟು ಅಂತ ಕೇಳಬೇಡಿ. ಮೆಟ್ರೋಗೆ, ಬಸ್ಸಿಗೆ ದಾಟುವ ಸೇತುವೆ ಎಲ್ಲಿ, ಎಷ್ಟು ಅಗಲ ಅಂತ ಕೇಳಿ. ನಮಸ್ಕಾರ.