ಡೆಸ್ಕ್‌ಟಾಪ್ ಇಲ್ಲದೆ ನೇರ ಕಪ್ಪು ಪರದೆಗೆ: ಲಿನಕ್ಸ್ ಕಂಪ್ಯೂಟರನ್ನು ಟೆಕ್ಸ್ಟ್ ಮೋಡ್‌ನಲ್ಲಿ ಶುರು ಮಾಡುವುದು ಹೇಗೆ?

[ದೃಶ್ಯ: ಮೇಜಿನ ಮೇಲೆ ಹಳೆ ಲ್ಯಾಪ್‌ಟಾಪ್. ಪರದೆ ಪೂರ್ತಿ ಕಪ್ಪು, ಮೇಲ್ಗಡೆ ಎರಡೇ ಸಾಲು ಬಿಳಿ ಅಕ್ಷರ.]

ನಮಸ್ಕಾರ. ಈ ಪರದೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೇಲಿನ ಸಾಲಿನಲ್ಲಿ ಉಬುಂಟು 24.04 ಅಂತ ಇದೆ, ಅದು ಲಿನಕ್ಸಿನ ಒಂದು ಬಗೆ. ಪಕ್ಕದಲ್ಲಿ ಕಂಪ್ಯೂಟರಿನ ಹೆಸರು, ಆಮೇಲೆ ಟಿಟಿವೈ1. ಕೆಳಗೆ ಲಾಗಿನ್ ಅಂತ ಬಂದು ಒಂದು ಸಣ್ಣ ಗೀಟು ಮಿನುಗುತ್ತಿದೆ. ಅಷ್ಟೇ.

ತುಂಬಾ ಜನ ಇದನ್ನು ನೋಡಿದ ಕೂಡಲೇ ಗಾಬರಿ ಆಗುತ್ತಾರೆ. ಕಂಪ್ಯೂಟರ್ ಕೆಟ್ಟೇ ಹೋಯಿತು ಅಂದುಕೊಳ್ಳುತ್ತಾರೆ. ಇಲ್ಲಿ ಏನೂ ಕೆಟ್ಟಿಲ್ಲ. ಇದನ್ನು ನಾನೇ ಹೀಗೆ ಮಾಡಿಟ್ಟಿದ್ದೇನೆ.

ಇದು ನಮ್ಮ ಅಣ್ಣನ ಹಳೆ ಲ್ಯಾಪ್‌ಟಾಪ್. 2 ಜಿಬಿ ರ‍್ಯಾಮ್. ಈಗ ಇದರ ಕೆಲಸ ಒಂದೇ: ಮನೆಯವರ ಫೋಟೋಗಳನ್ನೆಲ್ಲ ಇಟ್ಟುಕೊಂಡು, ವೈಫೈ ಮೂಲಕ ಎಲ್ಲರ ಫೋನಿಗೂ ಕೊಡುವುದು. ಇದರ ಮುಂದೆ ಕೂತು ಯಾರೂ ಮೌಸ್ ಹಿಡಿಯುವುದಿಲ್ಲ. ಹಾಗಿದ್ದ ಮೇಲೆ ವಾಲ್‌ಪೇಪರ್, ಐಕಾನ್, ಕಿಟಕಿಗಳನ್ನೆಲ್ಲ ಇದು ಯಾಕೆ ಹೊರಬೇಕು ಅಲ್ವಾ? ಉಬುಂಟು 22.04ಕ್ಕೆ ಡೆಸ್ಕ್‌ಟಾಪ್ ಬೇಕಿದ್ದರೆ 4 ಜಿಬಿ ರ‍್ಯಾಮ್ ಇರಲಿ ಅಂತ ಅದನ್ನು ಮಾಡಿದವರೇ ಹೇಳಿದ್ದರು. ಅದೇ ಉಬುಂಟುವಿನ, ಡೆಸ್ಕ್‌ಟಾಪ್ ಇಲ್ಲದ ಸರ್ವರ್ ರೂಪಕ್ಕೆ 1 ಜಿಬಿ ಸಾಕು. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

[ದೃಶ್ಯ: ಎರಡು ಮಹಡಿಯ ಮನೆಯ ಸರಳ ಚಿತ್ರ.]

ಲಿನಕ್ಸ್ ಅನ್ನು ಎರಡು ಮಹಡಿ ಮನೆ ಅಂದುಕೊಳ್ಳಿ. ಕೆಳಗಿನ ಮನೆಯ ಹೆಸರು ಮಲ್ಟಿ-ಯೂಸರ್ ಟಾರ್ಗೆಟ್. ನೆಟ್‌ವರ್ಕ್, ಫೈಲ್ ಹಂಚುವ ಸಾಂಬಾ, ದೂರದಿಂದ ಒಳಗೆ ಬರಲು ಬೇಕಾದ ಎಸ್‌ಎಸ್‌ಎಚ್ ಎಲ್ಲ ಇಲ್ಲೇ ವಾಸ. ಮೇಲಿನ ಮಹಡಿ ಗ್ರಾಫಿಕಲ್ ಟಾರ್ಗೆಟ್. ಚಂದದ ಲಾಗಿನ್ ಪರದೆ, ಡೆಸ್ಕ್‌ಟಾಪ್ ಅಲ್ಲಿರುತ್ತವೆ. ಕೆಳಗಿನ ಮನೆ ಏಳದೆ ಮೇಲಿನ ಮಹಡಿ ಏಳುವುದಿಲ್ಲ. ಆದರೆ ಮೇಲಿನದು ಇಲ್ಲದಿದ್ದರೂ ಕೆಳಗಿನ ಸಂಸಾರ ಆರಾಮಾಗಿ ನಡೆಯುತ್ತದೆ. ನಾವು ಇವತ್ತು ಮಾಡುವುದು ಇಷ್ಟೇ: ಮಹಡಿ ಹತ್ತಬೇಡ, ಕೆಳಗೇ ಇರು ಅಂತ ಕಂಪ್ಯೂಟರಿಗೆ ಹೇಳುವುದು. ಡೆಸ್ಕ್‌ಟಾಪ್ ಅಳಿಸುತ್ತಿಲ್ಲ. ಅದು ಅಲ್ಲೇ ಇರುತ್ತದೆ.

ಆದರೆ ಹೋಗುವ ಮೊದಲು ವಾಪಸ್ ಬರುವ ದಾರಿ ಗೊತ್ತಿರಲೇಬೇಕು. ಈ ವಿಡಿಯೋದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ.

[ದೃಶ್ಯ: ಕೀಬೋರ್ಡ್ ಮೇಲೆ ಕೈ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತುತ್ತಿರುವುದು.]

ಮೊದಲು ಒಂದು ತಾಲೀಮು. ಡೆಸ್ಕ್‌ಟಾಪ್‌ನಲ್ಲಿದ್ದಾಗಲೇ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆದು "ಹೂಆಮ್‌ಐ" ಅಂತ ಟೈಪ್ ಮಾಡಿ. ಮೂರು ಪದ ಸೇರಿಸಿ ಬರೆದದ್ದು, ಮಧ್ಯೆ ಜಾಗ ಬಿಡಬೇಡಿ. ಬರುವ ಉತ್ತರವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಯಾಕೆ ಗೊತ್ತಾ? ಚಂದದ ಲಾಗಿನ್ ಪರದೆಯಲ್ಲಿ ನಿಮ್ಮ ಪೂರ್ತಿ ಹೆಸರು ಕಾಣುತ್ತದೆ, ನೀವು ಅದರ ಮೇಲೆ ಕ್ಲಿಕ್ ಮಾಡುತ್ತೀರಿ. ಕಪ್ಪು ಪರದೆಗೆ ಆ ಹೆಸರು ನಡೆಯುವುದಿಲ್ಲ. ಯೂಸರ್‌ನೇಮ್ ಅನ್ನೇ ಕೊಡಬೇಕು, ಸಣ್ಣಕ್ಷರ ಇದ್ದಲ್ಲಿ ಸಣ್ಣಕ್ಷರದಲ್ಲೇ. ನಾನು ಮೊದಲ ಸಲ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಪಾಸ್‌ವರ್ಡ್ ಸರಿಯಾಗೇ ಇತ್ತು, ಹೆಸರು ತಪ್ಪಿತ್ತು. ಅರ್ಧ ಗಂಟೆ ಹೋಯಿತು.

ಈಗ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಬಂತು. ಟಿಟಿವೈ3 ಅಂತ ಇದೆ ನೋಡಿ. ಟಿಟಿವೈ ಅಂದರೆ ಟೆಲಿಟೈಪ್. ಮಾನಿಟರ್‌ಗಳು ಬರುವ ಮೊದಲು ಕಂಪ್ಯೂಟರ್ ಜೊತೆ ಮಾತಾಡಲು ಟೈಪ್‌ರೈಟರ್ ಥರದ ಯಂತ್ರ ಇರುತ್ತಿತ್ತು. 1963ರಲ್ಲಿ ಬಂದ ಮಾಡೆಲ್ 33 ಅನ್ನುವ ಯಂತ್ರ ಬಹಳ ಬಳಕೆಯಲ್ಲಿತ್ತು. ಕೀಲಿ ಒತ್ತಿದರೆ ಕಾಗದದ ಸುರುಳಿಯ ಮೇಲೆ ಟಕಟಕ ಅಚ್ಚಾಗುತ್ತಿತ್ತು. ಆ ಯಂತ್ರ ಹೋಯಿತು, ಹೆಸರು ಇನ್ನೂ ನಮ್ಮ ಪರದೆಯ ಮೂಲೆಯಲ್ಲಿ ಕೂತಿದೆ. ನನಗಂತೂ ಇದನ್ನು ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಯೂಸರ್‌ನೇಮ್ ಕೊಡಿ, ಎಂಟರ್ ಒತ್ತಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿ ಕೂಡ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸುಮ್ನೆ ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ. ಒಳಗೆ ಬಂದಿರಿ. "ಎಕ್ಸಿಟ್" ಅಂದರೆ ಹೊರಗೆ. ಕಂಟ್ರೋಲ್, ಆಲ್ಟ್, ಎಫ್2 ಒತ್ತಿದರೆ ಮತ್ತೆ ನಿಮ್ಮ ಡೆಸ್ಕ್‌ಟಾಪ್. ಬೇರೆ ಲಿನಕ್ಸ್‌ಗಳಲ್ಲಿ ಅದು ಎಫ್1 ಅಥವಾ ಎಫ್7ರಲ್ಲೂ ಇರಬಹುದು. ಒಂದೊಂದೇ ಒತ್ತಿ ನೋಡಿ, ತೊಂದರೆ ಇಲ್ಲ.

[ದೃಶ್ಯ: ಟರ್ಮಿನಲ್. ಆಜ್ಞೆಗಳು ದೊಡ್ಡ ಅಕ್ಷರದಲ್ಲಿ.]

ಈಗ ಅಸಲಿ ಕೆಲಸ. ಪರದೆಯಲ್ಲಿ ಕಾಣುವ ಹಾಗೇ ಟೈಪ್ ಮಾಡಿ, ನಾನು ಓದುತ್ತಾ ಹೋಗುತ್ತೇನೆ. "ಸಿಸ್ಟಮ್‌ಸಿಟಿಎಲ್ ಗೆಟ್-ಡೀಫಾಲ್ಟ್." ಗ್ರಾಫಿಕಲ್ ಟಾರ್ಗೆಟ್ ಅಂತ ಉತ್ತರ ಬಂತು. ಅಂದರೆ ಸದ್ಯಕ್ಕೆ ಮಹಡಿ ಹತ್ತುತ್ತಿದೆ. ಈಗ ಬದಲಾಯಿಸೋಣ. "ಸುಡೊ ಸಿಸ್ಟಮ್‌ಸಿಟಿಎಲ್ ಸೆಟ್-ಡೀಫಾಲ್ಟ್ ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್." ಸುಡೊ ಅಂದರೆ ಯಜಮಾನನ ಅಧಿಕಾರದಲ್ಲಿ ಮಾಡು ಅಂತ. ಪಾಸ್‌ವರ್ಡ್ ಕೊಡಿ. ಆಯಿತು.

ಇದು ಏನು ಮಾಡಿತು? ಇಟಿಸಿ ಫೋಲ್ಡರ್ ಒಳಗೆ ಡೀಫಾಲ್ಟ್ ಡಾಟ್ ಟಾರ್ಗೆಟ್ ಅಂತ ಒಂದು ಕೊಂಡಿ ಇರುತ್ತದೆ. ಮನೆಯ ದಿಕ್ಕು ತೋರಿಸುವ ಬಾಣದ ಬೋರ್ಡ್ ಇದ್ದ ಹಾಗೆ. ಆ ಬೋರ್ಡನ್ನು ಮಲ್ಟಿ-ಯೂಸರ್ ಕಡೆ ತಿರುಗಿಸಿತು. ಬೇರೆ ಯಾವ ಫೈಲನ್ನೂ ಮುಟ್ಟಿಲ್ಲ.

ಹಳೆ ಪಾಠಗಳಲ್ಲಿ ಇನಿಟ್‌ಟ್ಯಾಬ್ ಫೈಲ್ ತೆರೆದು 5 ಇದ್ದಲ್ಲಿ 3 ಮಾಡಿ ಅಂತ ಇರುತ್ತದೆ. ಅದು ರೆಡ್ ಹ್ಯಾಟ್ ಕಡೆಯ ಹಳೆ ಕ್ರಮ. 2011ರಲ್ಲಿ ಫೆಡೋರಾ 15 ಅನ್ನುವ ಲಿನಕ್ಸ್, ನಾವು ಈಗ ಬಳಸಿದ ಸಿಸ್ಟಮ್‌ಡಿ ಕ್ರಮಕ್ಕೆ ಬದಲಾಯಿತು, 2015ರಲ್ಲಿ ಡೆಬಿಯನ್ 8 ಮತ್ತು ಉಬುಂಟು 15.04 ಬದಲಾದವು. ಈಗ ಆ ಫೈಲ್ ಹುಡುಕುತ್ತಾ ಕೂರಬೇಡಿ.

ರೀಬೂಟ್ ಮಾಡುವ ಮೊದಲು, ಯೂಸರ್‌ನೇಮ್ ಬರೆದ ಅದೇ ಕಾಗದದ ಮೇಲೆ ಇನ್ನೆರಡು ಸಾಲು ಬರೆಯಿರಿ.

[ದೃಶ್ಯ: ಕಾಗದದ ಮೇಲೆ ಪೆನ್ನಿನಲ್ಲಿ ಬರೆಯುತ್ತಿರುವುದು.]

ಒಂದು, "ಸುಡೊ ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಗ್ರಾಫಿಕಲ್ ಡಾಟ್ ಟಾರ್ಗೆಟ್." ಇವತ್ತೊಂದು ಸಲ ಡೆಸ್ಕ್‌ಟಾಪ್ ಬೇಕು ಅನ್ನಿಸಿದರೆ ಇದು. ರೀಬೂಟ್ ಬೇಡ, ಆ ಕ್ಷಣವೇ ಬರುತ್ತದೆ. ಇನ್ನೊಂದು, "ಸುಡೊ ಸಿಸ್ಟಮ್‌ಸಿಟಿಎಲ್ ಸೆಟ್-ಡೀಫಾಲ್ಟ್ ಗ್ರಾಫಿಕಲ್ ಡಾಟ್ ಟಾರ್ಗೆಟ್." ಇದು ಕಾಯಂ ವಾಪಸ್. ಫೋನಿನಲ್ಲಿ ಫೋಟೋ ತೆಗೆದಿಟ್ಟರೂ ಸರಿ. ಆ ಕಂಪ್ಯೂಟರಿನ ಒಳಗೇ ಫೈಲ್ ಮಾಡಿ ಮಾತ್ರ ಇಡಬೇಡಿ.

ಐಸೊಲೇಟ್ ಜೊತೆ ಒಂದು ಎಚ್ಚರಿಕೆ. ಡೆಸ್ಕ್‌ಟಾಪ್‌ನಲ್ಲಿ ಕೂತು ಮಲ್ಟಿ-ಯೂಸರ್‌ಗೆ ಐಸೊಲೇಟ್ ಮಾಡಿದರೆ ತೆರೆದಿದ್ದ ಎಲ್ಲ ಕಿಟಕಿಗಳೂ ಅಲ್ಲೇ ಮುಚ್ಚಿಹೋಗುತ್ತವೆ. ಸೇವ್ ಮಾಡದ ಕೆಲಸ ಹೋಯಿತು ಅಂತಲೇ.

ಕಾಯಂ ಮಾಡಲು ಧೈರ್ಯ ಇಲ್ಲ, ಒಂದೇ ಸಲ ನೋಡಬೇಕು ಅನ್ನುವವರಿಗೂ ದಾರಿ ಇದೆ. ಕಂಪ್ಯೂಟರ್ ಶುರುವಾಗುವಾಗ ಗ್ರಬ್ ಮೆನು, ಅಂದರೆ ಯಾವುದನ್ನು ಶುರು ಮಾಡಲಿ ಅಂತ ಕೇಳುವ ಪಟ್ಟಿ, ಬಂದರೆ ಅಲ್ಲಿ "ಇ" ಒತ್ತಿ. ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 3 ಅಂತ (ಹಳೆ ಕ್ರಮದಲ್ಲಿ ಟೆಕ್ಸ್ಟ್ ಮೋಡ್‌ನ ಸಂಖ್ಯೆ) ಸೇರಿಸಿ ಕಂಟ್ರೋಲ್-ಎಕ್ಸ್ ಒತ್ತಿ. ಅವತ್ತಿಗೆ ಮಾತ್ರ ಟೆಕ್ಸ್ಟ್ ಮೋಡ್. ಗ್ರಾಫಿಕ್ಸ್ ಡ್ರೈವರ್ ಹಾಕಿ ಪರದೆ ಸತ್ತುಹೋದಾಗ ಎಷ್ಟೋ ಸಲ ಕೈ ಹಿಡಿಯುವುದು ಇದೇ ಉಪಾಯ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇನ್ನೂ ಸುಲಭ. "ರಾಸ್ಪಿ-ಕಾನ್ಫಿಗ್" ತೆರೆದರೆ ಮೆನುವಿನಲ್ಲೇ ಈ ಆಯ್ಕೆ ಇದೆ.

[ದೃಶ್ಯ: ರೀಬೂಟ್. ಕಪ್ಪು ಪರದೆ.]

ಬಂದಾಯಿತು. ಈಗ "ಫ್ರೀ ಮೈನಸ್ ಎಚ್" ಅಂತ ಕೊಟ್ಟು ರ‍್ಯಾಮ್ ನೋಡಿ. ಡೆಸ್ಕ್‌ಟಾಪ್ ಇದ್ದಾಗ ಒಂದು ಸಲ ನೋಡಿಟ್ಟುಕೊಂಡಿದ್ದರೆ ಎಷ್ಟು ಹಗುರಾಯಿತು ಅಂತ ನಿಮಗೇ ತಿಳಿಯುತ್ತದೆ.

ವೈಫೈ ಬರಲಿಲ್ವಾ? ಪಾಸ್‌ವರ್ಡ್ ನಿಮ್ಮ ಡೆಸ್ಕ್‌ಟಾಪ್ ಖಾತೆಯ ಬೀಗದೊಳಗೆ ಕೂತಿರಬಹುದು. ಆ ಬೀಗ ತೆಗೆಯುತ್ತಿದ್ದುದು ಡೆಸ್ಕ್‌ಟಾಪ್ ಲಾಗಿನ್. "ಎನ್‌ಎಂಟಿಯುಐ" ಅಂತ ಟೈಪ್ ಮಾಡಿ. ಒಂದು ಮೆನು ಬರುತ್ತದೆ. ಬಾಣದ ಕೀಲಿಗಳಲ್ಲೇ ಓಡಾಡಿ ವೈಫೈ ಆರಿಸಿ ಪಾಸ್‌ವರ್ಡ್ ಕೊಡಿ. ಅಕ್ಷರ ಇರುವೆ ಹಾಗೆ ಕಂಡರೆ "ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಕನ್ಸೋಲ್-ಸೆಟಪ್" ಕೊಟ್ಟು ಟರ್ಮಿನಸ್ ಫಾಂಟ್‌ನ ದೊಡ್ಡ ಅಳತೆ ಆರಿಸಿಕೊಳ್ಳಿ.

ಇನ್ನೊಂದು ವಿಷಯ ನಮ್ಮವರಿಗೆ ಬೇಕಾದ್ದು. ನಮ್ಮ ಫೋಟೋ ಫೋಲ್ಡರ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇವೆ. "ಎಲ್‌ಎಸ್" ಅಂದರೆ ಒಳಗಿರುವುದರ ಪಟ್ಟಿ ಕೊಡು ಅಂತ. ಕೊಟ್ಟರೆ ಏನು ಬರುತ್ತದೆ ನೋಡಿ.

[ದೃಶ್ಯ: ಪಟ್ಟಿಯಲ್ಲಿ ಹೆಸರುಗಳ ಜಾಗದಲ್ಲಿ ಸಣ್ಣ ಸಣ್ಣ ಡಬ್ಬಗಳು.]

ಬರೀ ಡಬ್ಬಗಳು. ಈ ಕಪ್ಪು ಪರದೆಯ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ. ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ ಕೂರಿಸುವುದಷ್ಟೇ ಇದಕ್ಕೆ ಗೊತ್ತು. ಗುಣಿತಾಕ್ಷರ ಜೋಡಿಸುವುದು, ಒತ್ತಕ್ಷರ ಕೆಳಗೆ ಇಳಿಸುವುದು ಇದಕ್ಕೆ ಬರುವುದಿಲ್ಲ. ಕನ್ನಡ ಇಲ್ಲಿ ಕಾಣುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ಆದರೆ ಹೆಸರುಗಳು ಹಾಳಾಗಿಲ್ಲ. ಡಿಸ್ಕ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ದಯವಿಟ್ಟು ಡಬ್ಬ ಕಂಡಿತು ಅಂತ ಫೈಲ್ ಅಳಿಸಬೇಡಿ.

ಕೊನೆಯದು ಲ್ಯಾಪ್‌ಟಾಪ್‌ನ ಮುಚ್ಚಳ. ನಾನು ಇದನ್ನು ಮುಚ್ಚಿ ರೌಟರ್ ಪಕ್ಕದಲ್ಲಿಟ್ಟು ಹೋಗಿದ್ದೆ. ಸಂಜೆ ಅಮ್ಮ ಫೋಟೋ ತೆರೆಯಲು ಹೋದರೆ ಬರಲೇ ಇಲ್ಲ. ಮುಚ್ಚಿದ ಕೂಡಲೇ ಲ್ಯಾಪ್‌ಟಾಪ್ ನಿದ್ದೆಗೆ ಹೋಗಿತ್ತು. ಅದಕ್ಕೆ "ಸುಡೊ ನ್ಯಾನೊ" (ನ್ಯಾನೊ ಅಂದರೆ ಫೈಲ್ ತಿದ್ದುವ ಪ್ರೋಗ್ರಾಂ) ಜೊತೆ ಲಾಗಿನ್‌ಡಿ ಡಾಟ್ ಕಾನ್ಫ್ ಫೈಲ್ ತೆರೆಯಿರಿ, ಪೂರ್ತಿ ವಿಳಾಸ ಪರದೆಯಲ್ಲಿದೆ. ಹ್ಯಾಂಡಲ್-ಲಿಡ್-ಸ್ವಿಚ್ ಅನ್ನುವ ಸಾಲು ಹುಡುಕಿ. ಮುಂದಿರುವ ಹ್ಯಾಶ್ ಗುರುತು ತೆಗೆದು, ಸಸ್ಪೆಂಡ್ ಇದ್ದಲ್ಲಿ ಇಗ್ನೋರ್ ಅಂತ ಬರೆಯಿರಿ. ಕಂಟ್ರೋಲ್-ಒ, ಎಂಟರ್, ಕಂಟ್ರೋಲ್-ಎಕ್ಸ್. ರೀಬೂಟ್. ಮುಚ್ಚಿಟ್ಟ ಲ್ಯಾಪ್‌ಟಾಪ್‌ಗೆ ಗಾಳಿ ಆಡುವ ಜಾಗ ಇರಲಿ, ದಿಂಬು ಹಾಸಿಗೆ ಮೇಲೆ ಬೇಡ.

[ದೃಶ್ಯ: ಲ್ಯಾಪ್‌ಟಾಪ್ ಮುಚ್ಚಿ ರೌಟರ್ ಪಕ್ಕ ಇಡುವುದು. ಆಮೇಲೆ ಅಮ್ಮನ ಕೈಯಲ್ಲಿ ಫೋನ್.]

ಮುಚ್ಚಿ ಹತ್ತು ನಿಮಿಷ ಆಯಿತು. ಈಗ ಅಮ್ಮನ ಫೋನ್ ನೋಡಿ. ಆಗಲೇ ಡಬ್ಬಡಬ್ಬವಾಗಿ ಕಂಡ ಫೋಲ್ಡರ್ ಇದೇ. "ಅಜ್ಜಿ ಮನೆ" ಅಂತ ಅಚ್ಚುಕಟ್ಟಾಗಿ ಕಾಣುತ್ತಿದೆ. ಅಮ್ಮಾ, ತೆರೀರಿ.