ಸೇನಾ ನೆಲೆ ಅಂದರು

ಕೇಳುಗರಿಗೆ ನಮಸ್ಕಾರ.

1945ರ ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ರೇಡಿಯೋದಲ್ಲಿ ಮಾತನಾಡಿದರು. ಮೊದಲ ಅಣುಬಾಂಬನ್ನು ಹಿರೋಷಿಮಾ ಎಂಬ ಸೇನಾ ನೆಲೆಯ ಮೇಲೆ ಹಾಕಿದ್ದೇವೆ, ಆದಷ್ಟೂ ಜನಸಾಮಾನ್ಯರು ಸಾಯಬಾರದು ಅಂತಲೇ ಹಾಗೆ ಮಾಡಿದೆವು ಎಂದರು.

ಹಿರೋಷಿಮಾದಲ್ಲಿ ಸೇನೆಯ ದೊಡ್ಡ ಕಚೇರಿ ಇತ್ತು, ನಿಜ. ಸಾವಿರಾರು ಸೈನಿಕರಿದ್ದರು, ಅದೂ ನಿಜ. ಆದರೆ ವಿಮಾನದವರು ಗುರಿ ಇಟ್ಟದ್ದು ಊರ ನಡುವಿನ ಅಯೋಯಿ ಸೇತುವೆಗೆ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ ಅದರದು. ಮೇಲಿನಿಂದ ಸುಲಭವಾಗಿ ಕಾಣುತ್ತಿತ್ತು. ಬಾಂಬು ಸ್ವಲ್ಪ ಗುರಿ ತಪ್ಪಿ, ಒಂದು ಆಸ್ಪತ್ರೆಯ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಆಗಸ್ಟ್ 6, ಬೆಳಗ್ಗೆ 8 ಗಂಟೆ 15 ನಿಮಿಷ. ಆ ಹೊತ್ತಿಗೆ ಸಾವಿರಾರು ಶಾಲಾ ಮಕ್ಕಳು ಬಯಲಿನಲ್ಲಿದ್ದರು. ವಿಮಾನ ದಾಳಿಯಾದರೆ ಬೆಂಕಿ ಹರಡದಿರಲಿ ಅಂತ ಮನೆಗಳನ್ನು ಕೆಡವಿ ಜಾಗ ತೆರವು ಮಾಡುತ್ತಿದ್ದರಲ್ಲ, ಆ ಕೆಲಸಕ್ಕೆ ಮಕ್ಕಳನ್ನು ಕರೆತಂದಿದ್ದರು. ವರ್ಷ ಮುಗಿಯುವಷ್ಟರಲ್ಲಿ ಆ ಊರಿನಲ್ಲಿ ಸತ್ತವರು ಸುಮಾರು 1 ಲಕ್ಷ 40 ಸಾವಿರ.

ಬಾಂಬು ಯುದ್ಧವನ್ನು ಬೇಗ ಮುಗಿಸಿ ಸೈನಿಕರ ಜೀವ ಉಳಿಸಿತು ಎಂದು ಸಮರ್ಥಿಸುವವರ ಮಾತನ್ನು ಸುಮ್ನೆ ತಳ್ಳಿಹಾಕಲು ನನ್ನಿಂದಾಗದು. ಜಪಾನಿನ ಒಕಿನಾವಾ ದ್ವೀಪದ ಭೀಕರ ಕಾಳಗ ಜೂನ್‌ನಲ್ಲಷ್ಟೇ ಮುಗಿದಿತ್ತು. ನವೆಂಬರ್‌ನಲ್ಲಿ ಜಪಾನಿನದೇ ಕ್ಯುಶು ದ್ವೀಪದಲ್ಲಿ ಅಮೆರಿಕದ ಸೇನೆ ಇಳಿಸುವ ಯೋಜನೆ ಇತ್ತು. ತಮ್ಮ ಹುಡುಗರನ್ನು ಮತ್ತೆ ಅಂಥ ಸಾವಿನ ಬಾಯಿಗೆ ಕಳಿಸಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಆದರೆ ಸೇನೆಯೊಳಗೂ ಒಪ್ಪದವರಿದ್ದರು. ಜಪಾನ್ ಆಗಲೇ ಸೋತಿತ್ತು, ಈ ಬಾಂಬಿನಿಂದ ಯುದ್ಧಕ್ಕೆ ಹೇಳಿಕೊಳ್ಳುವಂಥ ನೆರವೇನೂ ಆಗಲಿಲ್ಲ ಎಂದು ಮುಂದೆ ಬರೆದವರು ಟ್ರೂಮನ್ ಅವರ ಪಕ್ಕದಲ್ಲೇ ಇದ್ದ ಅಡ್ಮಿರಲ್ ವಿಲಿಯಂ ಲೀಹಿ. ನಾಗಸಾಕಿಗೆ ಎರಡನೇ ಬಾಂಬು ಬಿದ್ದ ದಿನವೇ ಸೋವಿಯತ್ ಸೇನೆ ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾಕ್ಕೆ ನುಗ್ಗಿತ್ತು. ಜಪಾನ್ ಮಣಿದದ್ದು ಯಾವುದಕ್ಕೆ ಎಂಬ ವಾದ ಇನ್ನೂ ಮುಗಿದಿಲ್ಲ.

ಬಾಂಬೇ ಯುದ್ಧ ನಿಲ್ಲಿಸಿತು ಅಂತಲೇ ಇಟ್ಟುಕೊಳ್ಳೋಣ. ಹೇಗೆ ನಿಲ್ಲಿಸಿತು? ಭಯ ಹುಟ್ಟಿಸಿ, ಅಲ್ವಾ? ಆ ಭಯ ಬಂದದ್ದು ಒಂದಿಡೀ ಊರು ಸುಟ್ಟುಹೋದದ್ದರಿಂದ. ಹಾಗಾದರೆ ಆ ಮಕ್ಕಳು ಅಕಸ್ಮಾತ್ತಾಗಿ ಸತ್ತರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಸೈನಿಕನನ್ನು ಉಳಿಸಲು ಮಗುವನ್ನು ಕೊಡಬಹುದು ಎಂಬ ಲೆಕ್ಕವನ್ನು ನಾನು ಒಪ್ಪಲಾರೆ. ಅಂತರರಾಷ್ಟ್ರೀಯ ನ್ಯಾಯಾಲಯ ಕೂಡ 1996ರಲ್ಲಿ, ಇಂಥ ಅಸ್ತ್ರದ ಬಳಕೆ ಸಾಮಾನ್ಯವಾಗಿ ಯುದ್ಧದ ಕಾನೂನಿಗೆ ವಿರುದ್ಧ ಎಂದಿತು. ಆದರೆ ಒಂದು ದೇಶದ ಉಳಿವೇ ಅಪಾಯದಲ್ಲಿದ್ದರೆ ಏನು ಎಂಬುದನ್ನು ತೀರ್ಮಾನಿಸದೆ ಬಿಟ್ಟಿತು.

ಆ ರೇಡಿಯೋ ಭಾಷಣದ ಮರುದಿನ, ಆಗಸ್ಟ್ 10ರಂದು, ಟ್ರೂಮನ್ ತಮ್ಮ ಮಂತ್ರಿಗಳ ಸಭೆಯಲ್ಲಿದ್ದರು. ತಮ್ಮ ಅಪ್ಪಣೆಯಿಲ್ಲದೆ ಇನ್ನೊಂದು ಬಾಂಬು ಹಾಕಬಾರದು ಎಂದು ಹೇಳಿದರು. ಇನ್ನೂ ಲಕ್ಷ ಜನರನ್ನು ಕೊಲ್ಲುವ ಯೋಚನೆಯೇ ತೀರಾ ಘೋರ ಎಂದರು. ಆ ಸಭೆಯಲ್ಲಿದ್ದ ವಾಣಿಜ್ಯ ಮಂತ್ರಿ ಹೆನ್ರಿ ವ್ಯಾಲೇಸ್ ಅದನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಅಷ್ಟೊಂದು ಮಕ್ಕಳನ್ನು ಕೊಲ್ಲುವುದು ಅಧ್ಯಕ್ಷರಿಗೆ ಇಷ್ಟವಿರಲಿಲ್ಲ ಎಂದೂ ಅದರಲ್ಲಿದೆ.